ಪಲ್ಸ್ ಮಿಗ್ ಕೊಳ್ಳುವ ಮೊದಲು ಗ್ಯಾಸ್ ವಿಚಾರಿಸಿ

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ. ಟ್ರ್ಯಾಕ್ಟರ್ ಟ್ರೇಲರ್, ಟಿಪ್ಪರ್ ಬಾಡಿ ಮುಖ್ಯ ಕೆಲಸ. 5ರಿಂದ 12 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತೊಟ್ಟಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಫ್ರೇಮು ಮಾಡಿಕೊಡುತ್ತೇವೆ. ಈಚೆಗೆ ಅಲ್ಯುಮಿನಿಯಂ ಕೆಲಸವೂ ಬರುತ್ತಿದೆ. ಈಗ ಇರುವುದು ಹಳೆಯ 400 ಆಂಪ್ ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ವೆಲ್ಡಿಂಗ್ ಮಷೀನ್. ಹೆವಿ ಡ್ಯೂಟಿ ಪಲ್ಸ್ ಮಿಗ್ (ಗ್ಯಾಸ್ ಬಿಟ್ಟುಕೊಂಡು ವೈರು ಕರಗಿಸಿ ಬೆಸೆಯುವ, ಕರೆಂಟನ್ನು ಏರಿಸಿ ಇಳಿಸುವ ಮಷೀನ್) ತಗೊಳ್ಳೋಣ ಅಂತಿದ್ದೇವೆ. ಒಬ್ಬರು ಸಿಂಗಲ್ ಫೇಸ್ 250 ಆಂಪ್ ಡಬಲ್ ಪಲ್ಸ್ ಸಾಕು ಅಂತಾರೆ. ಇನ್ನೊಬ್ಬರು 500 ಆಂಪ್‌ಗಿಂತ ಕೆಳಗೆ ಇಳೀಬೇಡಿ ಅಂತಾರೆ. ನಮ್ಮ ಕರೆಂಟ್ ಲೋಡ್ 20 ಎಚ್‌ಪಿ. ಯಾವುದು ತಗೊಳ್ಳಲಿ? ಹಳೆಯ ಮಷೀನನ್ನು ಎಕ್ಸ್‌ಚೇಂಜಿಗೆ ಕೊಡಬಹುದಾ?

ಉತ್ತರ:

ಎರಡೂ ಬೇಡ. ನಿಮ್ಮ ಕೆಲಸಕ್ಕೆ ಹೊಂದುವುದು ತ್ರೀ ಫೇಸ್ 400 ಆಂಪ್ ಮಷೀನ್. ಆ 400 ಆಂಪ್ 60% ಡ್ಯೂಟಿ ಸೈಕಲ್‌ನಲ್ಲಿ ಸಿಗಬೇಕು (ಅಂದರೆ ಹತ್ತು ಮಿನಿಟಿನಲ್ಲಿ ಆರು ಮಿನಿಟು). ವೈರ್ ಫೀಡರ್, ಅಂದರೆ ವೈರನ್ನು ತಳ್ಳುವ ಭಾಗ, ಬೇರೆ ಪೆಟ್ಟಿಗೆಯಲ್ಲಿರಬೇಕು. ಟಾರ್ಚ್, ಅಂದರೆ ವೆಲ್ಡರ್ ಕೈಯಲ್ಲಿ ಹಿಡಿಯುವ ಗನ್, ವಾಟರ್ ಕೂಲ್ಡ್ ಆಗಿರಬೇಕು. ಹಳೆಯ ಮಷೀನಿನ ವಿಷಯ ಕೊನೆಗೆ ಹೇಳುತ್ತೇನೆ.

ಆದರೆ ನೀವು ಆಂಪ್ ಬರೆದಿದ್ದೀರಿ, ಲೋಡ್ ಬರೆದಿದ್ದೀರಿ, ಪ್ಲೇಟಿನ ದಪ್ಪ ಬರೆದಿದ್ದೀರಿ. ಗ್ಯಾಸ್ ಬಗ್ಗೆ ಒಂದು ಮಾತೂ ಇಲ್ಲ. ಪಲ್ಸ್ ಮಷೀನ್ ತಗೊಂಡು ಅದಕ್ಕೆ ಮಾಮೂಲಿ ಸಿಒ2 ಸಿಲಿಂಡರನ್ನೇ ಜೋಡಿಸಿಕೊಂಡಿರುವ ಶೆಡ್‌ಗಳು ನಮ್ಮ ಕಡೆ ಕಮ್ಮಿ ಇಲ್ಲ. ಅವರು ಕೊಟ್ಟ ದುಡ್ಡಿನಲ್ಲಿ ಪಲ್ಸ್ ಪಾಲಿನದು ಪೂರ್ತಿ ಸುಮ್ನೆ ಹೋದಂತೆ. ಯಾಕೆ ಅಂತ ತಿಳಿದುಕೊಂಡರೆ ಉಳಿದ ಆಯ್ಕೆ ಅರ್ಧ ಸುಲಭವಾಗುತ್ತದೆ.

ನಿಮ್ಮ ಹಳೆಯ ಮಷೀನಿನಲ್ಲಿ ಆಗುವುದು ಏನು? ವೈರಿನ ತುದಿ ಪ್ಲೇಟಿಗೆ ತಾಗುತ್ತದೆ, ಶಾರ್ಟ್ ಆಗುತ್ತದೆ, ತುದಿ ಕರಗಿ ಕಿತ್ತುಕೊಳ್ಳುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗೇ. ಕಿತ್ತುಕೊಳ್ಳುವಾಗ ಸಿಡಿಯುವುದೇ ಸ್ಪ್ಯಾಟರ್. ಕರೆಂಟ್ ಜಾಸ್ತಿ ಮಾಡಿದರೆ ಸಿಒ2ದಲ್ಲಿ ವೈರಿನ ತುದಿಗೆ ದೊಡ್ಡ ಗುಂಡು ಕಟ್ಟಿಕೊಂಡು ಅಡ್ಡಾದಿಡ್ಡಿ ಬೀಳುತ್ತದೆ. ಆಗ ಸ್ಪ್ಯಾಟರ್ ಇನ್ನೂ ಜಾಸ್ತಿ.

ಆರ್ಗಾನ್ ಜಾಸ್ತಿ ಇರುವ ಗ್ಯಾಸ್‌ನಲ್ಲಿ ಬೇರೆಯದೇ ಆಗುತ್ತದೆ. ಕರೆಂಟ್ ಒಂದು ಮಟ್ಟ ದಾಟಿತು ಅಂದರೆ ವೈರು ತಾಗದೆಯೇ ಸಣ್ಣ ಸಣ್ಣ ಹನಿಯಾಗಿ ನೇರ ಇಳಿಯುತ್ತದೆ. ಇದೇ ಸ್ಪ್ರೇ. 1.2 ಎಂಎಂ ಎಂಎಸ್ ವೈರಿಗೆ ಆ ಮಟ್ಟ ಸುಮಾರು 220ರಿಂದ 270 ಆಂಪ್, ಗ್ಯಾಸ್ ಮಿಶ್ರಣದ ಮೇಲೆ ಹೋಗುತ್ತದೆ. ಬೀಡ್ (ಬೆಸುಗೆಯ ಸಾಲು) ನುಣುಪು, ಸ್ಪ್ಯಾಟರ್ ಇಲ್ಲವೇ ಇಲ್ಲ ಅನ್ನಬಹುದು. ತೊಂದರೆ ಏನೆಂದರೆ ಶಾಖ ವಿಪರೀತ. 5 ಎಂಎಂ ಪ್ಲೇಟಿಗೆ ಅಷ್ಟು ಕೊಟ್ಟರೆ ಸೊಟ್ಟಗಾಗುತ್ತದೆ. ನಿಂತ ಗೋಡೆಗೆ ಕೊಟ್ಟರೆ ಕರಗಿದ ಲೋಹ ಜಾರಿ ಕೆಳಗೆ ಬರುತ್ತದೆ.

ಪಲ್ಸ್ ಈ ತೊಂದರೆಗೇ ಬಂದದ್ದು. ಮಷೀನ್ ಕರೆಂಟನ್ನು ಸೆಕೆಂಡಿಗೆ ಹತ್ತಾರರಿಂದ ನೂರಾರು ಸಲ ಏರಿಸಿ ಇಳಿಸುತ್ತದೆ. ಏರಿದಾಗ ಒಂದು ಹನಿ ಬೀಳುತ್ತದೆ. ಇಳಿದಾಗ ಆರ್ಕ್ (ವೈರಿಗೂ ಪ್ಲೇಟಿಗೂ ನಡುವೆ ಉರಿಯುವ ಕಿಡಿ) ಆರದಷ್ಟು ಮಾತ್ರ ಕರೆಂಟ್ ಉಳಿಯುತ್ತದೆ. ಸರಾಸರಿ ತೆಗೆದರೆ 120, 150 ಆಂಪ್. ಆದರೆ ಹನಿ ಇಳಿಯುವುದು ಮಾತ್ರ ಸ್ಪ್ರೇ ರೀತಿಯಲ್ಲೇ. ಹಾಗಾಗಿ ತೆಳು ಶೀಟಿಗೂ ನಿಂತ ಜಾಯಿಂಟಿಗೂ ಅದೇ 1.2 ವೈರು ಬಳಸಬಹುದು.

ಹನಿ ಹೀಗೆ ಬೀಳಬೇಕಾದರೆ ಎಂಎಸ್‌ಗೆ ಗ್ಯಾಸ್‌ನಲ್ಲಿ ಕಮ್ಮಿ ಅಂದರೂ 80% ಆರ್ಗಾನ್ ಇರಬೇಕು. 80-20 (80% ಆರ್ಗಾನ್, 20% ಸಿಒ2) ಅನ್ನುವುದು ಅಂಚಿನಲ್ಲಿದೆ. 90-10 ಆದರೆ ಪಲ್ಸ್ ಆರಾಮಾಗಿ ನಡೆಯುತ್ತದೆ. ಬರೀ ಸಿಒ2ದಲ್ಲಿ ಆಗುವುದೇ ಇಲ್ಲ. ಸೇಲ್ಸ್‌ನವರು ಇದನ್ನು ಒತ್ತಿ ಹೇಳುವುದಿಲ್ಲ, ಯಾಕೆಂದರೆ ಅಲ್ಲಿಂದ ಮುಂದೆ ತಿಂಗಳ ಖರ್ಚಿನ ಮಾತು ಶುರುವಾಗುತ್ತದೆ.

ಆ ಲೆಕ್ಕ ನಾವೇ ಹಾಕೋಣ. 30 ಕೆಜಿಯ ಸಿಒ2 ಸಿಲಿಂಡರಿನಲ್ಲಿ ಗ್ಯಾಸ್ ದ್ರವವಾಗಿ ಇರುತ್ತದೆ. ಬಿಚ್ಚಿದರೆ ಸುಮಾರು 16,000 ಲೀಟರ್ ಗ್ಯಾಸ್. ಮಿಕ್ಸ್ (ಆರ್ಗಾನ್, ಸಿಒ2 ಮಿಶ್ರಣ) ಸಿಲಿಂಡರಿನಲ್ಲಿ ದ್ರವ ಇಲ್ಲ, ಒತ್ತಿ ತುಂಬಿದ ಗ್ಯಾಸ್ ಅಷ್ಟೇ. ಮಾಮೂಲಿ ದೊಡ್ಡ ಸಿಲಿಂಡರ್ ಅಂದರೆ 7 ಘನ ಮೀಟರ್, 7,000 ಲೀಟರ್. ಮಿನಿಟಿಗೆ 15 ಲೀಟರ್ ಬಿಟ್ಟರೆ ಸಿಒ2 ಸುಮಾರು 18 ಗಂಟೆ ಆರ್ಕ್ ಕೊಡುತ್ತದೆ. ಮಿಕ್ಸ್ ಎಂಟು ಗಂಟೆಯೂ ಬರುವುದಿಲ್ಲ. ಒಬ್ಬ ವೆಲ್ಡರ್ ದಿನಕ್ಕೆ ಎರಡೂವರೆ ಗಂಟೆ ಆರ್ಕ್ ಉರಿಸಿದ ಅಂದುಕೊಳ್ಳಿ. ಫಿಟ್ಟಿಂಗ್, ಟ್ಯಾಕಿಂಗ್ (ಜಾಗಕ್ಕೆ ಹಿಡಿದಿಡುವ ಚುಕ್ಕೆ ಬೆಸುಗೆ) ಕಳೆದು ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ. ಅಲ್ಲಿಗೆ ಮೂರು ದಿನಕ್ಕೊಂದು ಸಿಲಿಂಡರ್ ಬೇಕು. ಮಿಕ್ಸ್‌ನ ರೇಟು ಕೇಳುವಾಗ ಸಿಲಿಂಡರಿಗೆ ಎಷ್ಟು ಅಂತ ಕೇಳಿ ಹೋಲಿಸಬೇಡಿ. ಗಂಟೆ ಆರ್ಕಿಗೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿ. ಆಗ ನಿಜವಾದ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಕಡೆ ಉಳಿತಾಯವೂ ಇದೆ. ಟಿಪ್ಪರ್ ಬಾಡಿ ಮುಗಿದ ಮೇಲೆ ಇಬ್ಬರು ಹುಡುಗರು ಚಿಪ್ಪಿಂಗ್ ಸುತ್ತಿಗೆ, ಗ್ರೈಂಡರ್ ಹಿಡಿದು ಸ್ಪ್ಯಾಟರ್ ಕೆರೆಯುತ್ತಾ ಕೂತಿರುತ್ತಾರಲ್ವಾ? ಒಂದು ಬಾಡಿಗೆ ಅದಕ್ಕೆ ಎಷ್ಟು ಹೊತ್ತು, ಎಷ್ಟು ಡಿಸ್ಕ್ ಹೋಗುತ್ತದೆ ಅಂತ ಒಂದು ವಾರ ಬರೆದಿಡಿ. ಆ ಅಂಕಿ ಕೈಯಲ್ಲಿದ್ದರೆ ಪಲ್ಸ್ ನಿಮಗೆ ಗಿಟ್ಟುತ್ತದಾ ಇಲ್ಲವಾ ಅಂತ ನನ್ನನ್ನು ಕೇಳಬೇಕಾಗಿಲ್ಲ.

ಗ್ಯಾಸ್ ಒಂದೇ ಬಗೆಯದೂ ಸಾಲುವುದಿಲ್ಲ. ಎಂಎಸ್‌ಗೆ 90-10 ಇಲ್ಲವೇ 80-20. ಎಸ್‌ಎಸ್‌ಗೆ ಅದನ್ನು ಹಾಕಬೇಡಿ. ಸಿಒ2 ಜಾಸ್ತಿಯಾದರೆ 308ಎಲ್ ವೈರಿಗೆ ಕಾರ್ಬನ್ ಸೇರಿ, ಕಾರ್ಬನ್ ಕಮ್ಮಿ ಅನ್ನುವ ಆ ‘ಎಲ್’ ಇದ್ದೂ ಪ್ರಯೋಜನವಿಲ್ಲ. ಬೀಡ್ ಕಪ್ಪಾಗುತ್ತದೆ. ಅಲ್ಲಿ 98% ಆರ್ಗಾನ್, 2% ಸಿಒ2 ಬೇಕು. ಅಲ್ಯುಮಿನಿಯಂಗೆ ಶುದ್ಧ ಆರ್ಗಾನ್, ಒಂದು ಚೂರೂ ಸಿಒ2 ಇರಬಾರದು. ಮೂರು ಕೆಲಸಕ್ಕೆ ಮೂರು ಸಿಲಿಂಡರ್ ಆಯಿತು. ಹಾಗಾಗಿ ಮಷೀನ್ ಡೀಲರ್ ಹತ್ತಿರ ಹೋಗುವ ಮೊದಲು ಗ್ಯಾಸ್ ಡೀಲರ್ ಹತ್ತಿರ ಹೋಗಿ. ಯಾವ ಮಿಕ್ಸ್ ಹಾಸನದಲ್ಲೇ ಸ್ಟಾಕ್ ಇರುತ್ತದೆ, ಯಾವುದು ಹೊರಗಿನಿಂದ ಬರಬೇಕು, ಆರ್ಡರ್ ಕೊಟ್ಟರೆ ಎಷ್ಟು ದಿನ, ಡಿಪಾಸಿಟ್ ಎಷ್ಟು, ಇವೆಲ್ಲ ಬರೆದುಕೊಂಡು ಬನ್ನಿ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಶೆಡ್ ಇರುವವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಘಾಟಿ ರಸ್ತೆ ಕೈಕೊಟ್ಟರೆ ಸಿಲಿಂಡರ್ ಗಾಡಿಯೂ ತಡ. ಒಂದು ತುಂಬಿದ ಸಿಲಿಂಡರ್ ಯಾವಾಗಲೂ ಪಕ್ಕಕ್ಕೆ ಇರಬೇಕು.

ಈಗ ಆಂಪ್ ವಿಷಯಕ್ಕೆ ಬರೋಣ. ಮಷೀನಿನ ಮುಖದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಅಂಕಿಯನ್ನು ನೋಡಿ ಯಾರೂ ಕೊಳ್ಳಬಾರದು. ಹಿಂಬದಿಯ ತಗಡಿನ ಪ್ಲೇಟ್ ಓದಿ. ಅಲ್ಲಿ ಡ್ಯೂಟಿ ಸೈಕಲ್ ಇರುತ್ತದೆ. ಹತ್ತು ಮಿನಿಟಿನಲ್ಲಿ ಎಷ್ಟು ಮಿನಿಟು ಆ ಕರೆಂಟಿನಲ್ಲಿ ನಿಲ್ಲಿಸದೆ ಉರಿಸಬಹುದು ಅನ್ನುವ ಲೆಕ್ಕ ಅದು. 60% ಅಂದರೆ ಆರು ಮಿನಿಟ್ ಉರಿಸಿ ನಾಲ್ಕು ಮಿನಿಟ್ ಬಿಡಬೇಕು. ಇದನ್ನು 40 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅಳೆಯಬೇಕು ಅಂತ ಐಇಸಿ 60974-1 ಸ್ಟ್ಯಾಂಡರ್ಡ್ ಹೇಳುತ್ತದೆ. ಕೆಲವರು 25 ಡಿಗ್ರಿಯಲ್ಲಿ ಅಳೆದ ಅಂಕಿ ಹಾಕಿರುತ್ತಾರೆ, ಅದು ನೋಡಲು ದೊಡ್ಡದಾಗಿ ಕಾಣುತ್ತದೆ. ಹಾಸನದ ಹವೆ ತಣ್ಣಗೇನೋ ಇದೆ, ಆದರೆ ಏಪ್ರಿಲ್ ಮಧ್ಯಾಹ್ನ ಶೀಟ್ ಚಾವಣಿ ಕೆಳಗೆ ನಿಂತವರಿಗೆ ಗೊತ್ತು.

ಬೇರೆ ಬೇರೆ ಮಷೀನನ್ನು ಒಂದೇ ಅಳತೆಗೆ ತರಲು ಒಂದು ಸುಲಭ ದಾರಿ ಇದೆ. ಡ್ಯೂಟಿ ಸೈಕಲನ್ನು ನೂರರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, ಆಂಪ್‌ಗೆ ಗುಣಿಸಿ. ಎಡೆಬಿಡದೆ ಎಷ್ಟು ಆಂಪ್ ಸಿಗುತ್ತದೆ ಅನ್ನುವುದು ಹೆಚ್ಚುಕಮ್ಮಿ ಸಿಗುತ್ತದೆ. 400 ಆಂಪ್ 60% ಅಂದರೆ 310 ಆಂಪ್. ಅದೇ 400 ಆಂಪ್ 35% ಅಂತಿದ್ದರೆ ಬರೀ 237. ನಿಮಗೆ ಹೇಳಿದ ಸಿಂಗಲ್ ಫೇಸ್ 250 ಆಂಪ್ ಮಷೀನ್ 30% ಅಂತ ಇಟ್ಟುಕೊಳ್ಳಿ, 137 ಆಂಪ್ ಆಯಿತು. ಹೆಸರು ಒಂದೇ ಇದ್ದರೂ ಒಳಗಿನ ಮಷೀನ್ ಬೇರೆ ಬೇರೆ.

ಆ 250ರಲ್ಲಿ ಇನ್ನೊಂದು ತೊಡಕಿದೆ. 1.2 ಎಂಎಂ ಸ್ಟೀಲ್ ವೈರನ್ನು ಸರಿಯಾಗಿ ಪಲ್ಸ್ ಮಾಡಬೇಕಾದರೆ ಏರಿದಾಗಿನ ಕರೆಂಟ್ 400 ಆಂಪ್ ಆಚೆ ಹೋಗಬೇಕು. ಸರಾಸರಿ 150 ಇದ್ದರೂ ಆ ಕ್ಷಣಕ್ಕೆ ಅಷ್ಟು ಬೇಕು. ಸಣ್ಣ ಮಷೀನಿಗೆ ಆ ಉಸಿರು ಇಲ್ಲ. ಅದು 0.8, 1.0 ವೈರಿಗೆ ಸರಿ. 2, 3 ಎಂಎಂ ಅಲ್ಯುಮಿನಿಯಂ ಶೀಟು, ಎಸ್‌ಎಸ್ ಪೈಪು ಮಾಡುವವರಿಗೆ ಒಳ್ಳೆಯ ಮಷೀನೇ. ಟಿಪ್ಪರಿನ 10 ಎಂಎಂ ಪ್ಲೇಟಿಗೆ ಅಲ್ಲ. ಕೇಳುವಾಗ ‘ಪಲ್ಸ್ ಮೋಡಿನಲ್ಲಿ ಯಾವ ವೈರಿಗೆ ಎಷ್ಟರವರೆಗೆ?’ ಅಂತ ಬಿಡಿಸಿ ಕೇಳಿ.

ಹಾಗಾದರೆ 500 ಯಾಕೆ ಬೇಡ? 12 ಎಂಎಂ ಪ್ಲೇಟಿಗೆ ನೀವು 1.2 ವೈರಿನಲ್ಲಿ 260, 280 ಆಂಪ್‌ಗಿಂತ ಜಾಸ್ತಿ ಹೋಗುವ ಸಂದರ್ಭ ಕಮ್ಮಿ. ಇನ್ನೂ ದಪ್ಪ ಬೇಕಾದರೆ ಇನ್ನೊಂದು ರನ್ (ಬೆಸುಗೆಯ ಸಾಲು) ಹಾಕುತ್ತೀರಿ. 500 ಬೇಕಾಗುವುದು 1.6 ವೈರು ಓಡಿಸುವವರಿಗೆ, ಕಾರ್ಬನ್ ಗೌಜಿಂಗ್ (ಕಾರ್ಬನ್ ಕಡ್ಡಿಯ ಆರ್ಕಿನಿಂದ ಲೋಹ ಕೆರೆದು ತೆಗೆಯುವುದು) ಮಾಡುವವರಿಗೆ, 20 ಎಂಎಂ ಮೇಲಿನ ಪ್ಲೇಟನ್ನು ದಿನವಿಡೀ ಬೆಸೆಯುವವರಿಗೆ. ಜೆಸಿಬಿ ಬಕೆಟ್, ಕ್ರಷರ್ ರಿಪೇರಿ ನಿಮ್ಮ ಶೆಡ್ಡಿಗೆ ನಿತ್ಯ ಬರುತ್ತದೆ ಅಂದರೆ ಮಾತು ಬೇರೆ. ನೀವು ಬರೆದ ಪಟ್ಟಿಯಲ್ಲಿ ಅದಿಲ್ಲ. ಉಳಿದ ದುಡ್ಡನ್ನು ವಾಟರ್ ಕೂಲ್ಡ್ ಟಾರ್ಚಿಗೆ ಹಾಕಿ, ದಿನಾ ಉಪಯೋಗಕ್ಕೆ ಬರುತ್ತದೆ.

ಟಾರ್ಚ್ ಬಗ್ಗೆ ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಏರ್ ಕೂಲ್ಡ್ ಟಾರ್ಚಿನ ಮೇಲೆ ಬರೆದಿರುವ ಅಂಕಿ ಸಾಮಾನ್ಯವಾಗಿ ಸಿಒ2 ಲೆಕ್ಕದ್ದು. ಸಿಒ2 ಟಾರ್ಚನ್ನು ತಕ್ಕಮಟ್ಟಿಗೆ ತಣ್ಣಗಿಡುತ್ತದೆ. ಆರ್ಗಾನ್ ಮಿಕ್ಸ್ ಹಾಕಿದ ಕೂಡಲೇ ಅದೇ ಟಾರ್ಚಿನ ಶಕ್ತಿ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಪಲ್ಸ್‌ನಲ್ಲಿ ಇನ್ನೂ ಸ್ವಲ್ಪ. 250 ಆಂಪ್‌ನಲ್ಲಿ ಅರ್ಧ ಗಂಟೆ ಟ್ರೇಲರ್ ಚಾಸಿ ಬೆಸೆದರೆ ಕೈಗವಸು ಹಾಕಿದ್ದರೂ ಹಿಡಿ ಬಿಸಿ ಹತ್ತುತ್ತದೆ. ವೈರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟ್ ಟಿಪ್ ಮೆತ್ತಗಾಗಿ ಅದರ ತೂತು ಅಂಡಾಕಾರಕ್ಕೆ ಬರುತ್ತದೆ. ಆಗ ವೈರಿಗೆ ಕರೆಂಟ್ ಒಂದೊಂದು ಸಲ ಒಂದೊಂದು ಕಡೆಯಿಂದ ಹತ್ತುತ್ತದೆ, ಆರ್ಕ್ ಉದ್ದ ಕುಣಿಯುತ್ತದೆ. ವೆಲ್ಡರ್ ಮಷೀನಿಗೆ ಬೈಯುತ್ತಾನೆ. ಹಳೆಯ ಸಿಒ2 ಕೆಲಸದಲ್ಲಿ ಟಿಪ್ ಸವೆದಿದ್ದರೂ ಹೇಗೋ ನಡೆದುಹೋಗುತ್ತಿತ್ತು. ಪಲ್ಸ್ ಅದನ್ನು ಸಹಿಸುವುದಿಲ್ಲ. ಮಾಮೂಲಿ ತಾಮ್ರದ ಟಿಪ್ ಬದಲು ಕ್ರೋಮಿಯಂ ಜಿರ್ಕೋನಿಯಂ ಸೇರಿದ ತಾಮ್ರದ ಟಿಪ್ ತರಿಸಿ. ಟಾರ್ಚಿಗೆ ಯೂರೋ ಕನೆಕ್ಟರ್ ಇದ್ದರೆ ಬೇರೆ ಕಂಪನಿಯ ಟಾರ್ಚನ್ನೂ ಹಾಕಿಕೊಳ್ಳಬಹುದು. ಕಂಪನಿಯ ಸ್ವಂತ ಕನೆಕ್ಟರ್ ಇದ್ದರೆ ಸ್ಪೇರಿಗೆ ಅವರ ಬಾಗಿಲೇ ಗತಿ.

ವಾಟರ್ ಕೂಲರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಅರಸೀಕೆರೆ ಕಡೆಯ ಗಡಸು ನೀರಾದರೆ ತೆಳು ನಾಳದೊಳಗೆ ಸುಣ್ಣ ಕಟ್ಟುವುದು ಗ್ಯಾರಂಟಿ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿ. ನೀರು ನಿಂತರೆ ಮಷೀನ್ ತಾನೇ ನಿಲ್ಲುವ ಫ್ಲೋ ಸೆನ್ಸರ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಒಂದು ಪೈಪ್ ಮಡಚಿದರೂ ಟಾರ್ಚ್ ಸುಟ್ಟುಹೋಗುತ್ತದೆ.

ಫೀಡರ್ ನಾಲ್ಕು ರೋಲಿನದೇ ಇರಲಿ. ಅಲ್ಯುಮಿನಿಯಂ ವೈರು ಮೆತ್ತಗೆ. ಅದಕ್ಕೆ ‘ಯು’ ಆಕಾರದ ರೋಲು, ಟೆಫ್ಲಾನ್ ಲೈನರ್ (ಟಾರ್ಚ್ ಕೇಬಲ್ ಒಳಗೆ ವೈರು ಹಾಯುವ ಕೊಳವೆ), ಆದಷ್ಟು ಚಿಕ್ಕ ಟಾರ್ಚ್ ಬೇಕು. ಮೂರು ಮೀಟರ್ ಮೀರಬೇಡಿ. ಅಲ್ಯುಮಿನಿಯಂ ಕೆಲಸ ವಾರಕ್ಕೊಂದು ಬರುವುದಾದರೆ ಇದಿಷ್ಟು ಸಾಕು. ದಿನಾ ಬರುವುದಾದರೆ ಪುಷ್-ಪುಲ್ ಟಾರ್ಚ್ (ವೈರನ್ನು ಟಾರ್ಚಿನಿಂದಲೂ ಎಳೆಯುವಂಥದ್ದು) ಹಾಕಲು ಮಷೀನಿನಲ್ಲಿ ಅವಕಾಶ ಇದೆಯಾ ನೋಡಿ. ಅಲ್ಯುಮಿನಿಯಂ ಮೇಲಿನ ಆಕ್ಸೈಡ್ ಪದರ 2,000 ಡಿಗ್ರಿ ದಾಟಿದ ಮೇಲೇ ಕರಗುವುದು, ಒಳಗಿನ ಲೋಹ 660ಕ್ಕೇ ಕರಗುತ್ತದೆ. ಅದಕ್ಕೇ ಬೆಸೆಯುವ ಮೊದಲು ಎಸ್‌ಎಸ್ ಬ್ರಷ್‌ನಿಂದ ಉಜ್ಜಬೇಕು. ಆ ಬ್ರಷ್ ಬೇರೆ ಯಾವುದಕ್ಕೂ ಮುಟ್ಟಿಸಬಾರದು. ತೊಟ್ಟಿಯ ಎಸ್‌ಎಸ್‌ಗೂ ಹಾಗೇ. ಎಂಎಸ್ ಉಜ್ಜಿದ ಡಿಸ್ಕನ್ನು ಎಸ್‌ಎಸ್ ಮೇಲೆ ಓಡಿಸಿದರೆ ಕಾಫಿ ತೊಟ್ಟಿಯಲ್ಲಿ ತಿಂಗಳೊಳಗೆ ತುಕ್ಕಿನ ಚುಕ್ಕೆ ಕಾಣುತ್ತದೆ. ಆಮೇಲೆ ತೋಟದವರು ಶೀಟೇ ಡೂಪ್ಲಿಕೇಟ್ ಅನ್ನುತ್ತಾರೆ.

ಸಿನರ್ಜಿಕ್ ಅನ್ನುವ ಮಾತು ಕೇಳಿರುತ್ತೀರಿ. ವೈರು, ದಪ್ಪ, ಗ್ಯಾಸ್ ಮೂರನ್ನು ಆರಿಸಿದರೆ ಉಳಿದದ್ದನ್ನು ಮಷೀನೇ ಹೊಂದಿಸಿಕೊಳ್ಳುತ್ತದೆ. ಪಲ್ಸ್‌ನಲ್ಲಿ ಇದು ಬೇಕೇ ಬೇಕು, ಕೈಯಿಂದ ಹೊಂದಿಸಲು ಅಂಕಿಗಳು ತುಂಬಾ. ನಿಮ್ಮ ನಿಜವಾದ ಗ್ಯಾಸಿಗೆ ಅದರಲ್ಲಿ ಪ್ರೋಗ್ರಾಂ ಇದೆಯಾ ಅಂತ ಮಾತ್ರ ನೋಡಿ. ಕೆಲವು ಮಷೀನುಗಳಲ್ಲಿ ಪಲ್ಸ್ ಪ್ರೋಗ್ರಾಂಗಳಿಗೆ ಬೇರೆ ದುಡ್ಡು. ಕೊಟೇಶನ್‌ನಲ್ಲಿ ಯಾವ ಯಾವ ಪ್ರೋಗ್ರಾಂ ಸೇರಿದೆ ಅಂತ ಬರೆಸಿಕೊಳ್ಳಿ. ಡಬಲ್ ಪಲ್ಸ್ ಅಂದರೆ ಬೀಡಿನ ಮೇಲೆ ಟಿಗ್ (ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) ರೀತಿಯ ಅಲೆ ಬರಿಸುವುದು. ಅಲ್ಯುಮಿನಿಯಂನಲ್ಲಿ ಚೆಂದ, ತೆಳು ಶೀಟಿಗೆ ಉಪಯೋಗವೂ ಇದೆ. ಟ್ರೇಲರಿಗೆ ಅದಕ್ಕಾಗಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಕರೆಂಟ್. 400 ಆಂಪ್‌ಗೆ ಸ್ಟ್ಯಾಂಡರ್ಡ್ ಲೆಕ್ಕದ ಆರ್ಕ್ ವೋಲ್ಟೇಜ್ 34. ಗುಣಿಸಿದರೆ 13.6 ಕಿಲೋವ್ಯಾಟ್. ಇನ್ವರ್ಟರಿನ ನಷ್ಟ ಸೇರಿಸಿದರೆ ಒಳಗೆ ಎಳೆಯುವುದು 16 ಕಿಲೋವ್ಯಾಟ್, ಒಂದೊಂದು ಫೇಸಿಗೆ ಸುಮಾರು 25 ಆಂಪ್. ನಿಮ್ಮ 20 ಎಚ್‌ಪಿ ಅಂದರೆ 14.9 ಕಿಲೋವ್ಯಾಟ್. ನೀವು ದಿನಾ ಓಡಿಸುವುದು 260 ಆಂಪ್ ಆಚೀಚೆ, ಆಗ 8.3 ಕಿಲೋವ್ಯಾಟ್ ಸಾಕು. ಜೊತೆಗೆ 5 ಎಚ್‌ಪಿ ಕಂಪ್ರೆಸರ್ ಓಡಿದರೆ 12. ಇಷ್ಟರವರೆಗೆ ತೊಂದರೆ ಇಲ್ಲ. ಪಕ್ಕದಲ್ಲಿ ಹಳೆಯ ಸಿಒ2 ಮಷೀನನ್ನೂ 200 ಆಂಪ್‌ಗೆ ಇಟ್ಟರೆ 18 ದಾಟಿತು. ಎರಡೂ ಮಷೀನ್ ಒಟ್ಟಿಗೆ ಓಡಿಸುವ ಯೋಚನೆ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ಗೆ ಈಗಲೇ ಅರ್ಜಿ ಕೊಟ್ಟು ಲೋಡ್ 30 ಎಚ್‌ಪಿಗೆ ಏರಿಸಿಕೊಳ್ಳಿ. ಚಿಕ್ಕಮಗಳೂರಿನವರು ಮೆಸ್ಕಾಂಗೆ. ಮಷೀನ್ ಬಂದು ಕೂತ ಮೇಲೆ ಓಡಾಡುವುದಕ್ಕಿಂತ ಮೊದಲೇ ಓಡಾಡುವುದು ಒಳ್ಳೆಯದು.

ಸಂಜೆ ಹೊತ್ತು ನಿಮ್ಮ ಪ್ಯಾನೆಲಿನಲ್ಲಿ ಮೂರೂ ಫೇಸಿನ ವೋಲ್ಟೇಜ್ ಅಳೆಯಿರಿ. ಪಂಪ್‌ಸೆಟ್ ಲೈನಿನ ಕೊನೆಯಲ್ಲಿರುವ ಶೆಡ್‌ಗಳಲ್ಲಿ ಇದು ತುಂಬಾ ಇಳಿಯುತ್ತದೆ. 415 ವೋಲ್ಟಿನ ಮಷೀನ್ ±15% ತಡೆಯುತ್ತದೆ ಅಂದರೆ 353ರವರೆಗೆ ಓಡುತ್ತದೆ. ±10% ಅಂತಿದ್ದರೆ 374ಕ್ಕೇ ಎರರ್ ತೋರಿಸಿ ಮಲಗುತ್ತದೆ. ನಮ್ಮ ಕಡೆಗೆ ±15% ಇರುವುದನ್ನೇ ಹುಡುಕಿ. ಜನರೇಟರ್ ಮೇಲೆ ಓಡಿಸುವುದಾದರೆ 30 ಕೆವಿಎಗಿಂತ ಸಣ್ಣದಕ್ಕೆ ಹಾಕಬೇಡಿ.

ಮಲೆನಾಡಿನ ಅಂಚಿನಲ್ಲಿ ಇನ್ವರ್ಟರ್ ಮಷೀನುಗಳು ಸಾಯುವುದು ಹೆಚ್ಚಾಗಿ ಮೂರು ಕಾರಣಕ್ಕೆ: ತೇವ, ಗ್ರೈಂಡಿಂಗ್ ಧೂಳು, ಸಿಡಿಲು. ಒಳಗಿನ ಬೋರ್ಡಿಗೆ ತೇವ ತಡೆಯುವ ಲೇಪ ಇದೆಯಾ ಅಂತ ಕೇಳಿ. ಮುಚ್ಚಳ ತೆಗೆದು ತೋರಿಸಿ ಅನ್ನಿ, ನಾಚಿಕೆ ಬೇಡ. ಫ್ಯಾನಿನ ಗಾಳಿ ಬೋರ್ಡಿನ ಮೇಲೇ ಹಾಯುವ ಮಷೀನ್ ಬೇಡ. ಒಳ್ಳೆಯದರಲ್ಲಿ ಗಾಳಿ ಬೇರೆ ಸುರಂಗದಲ್ಲಿ ಹೋಗಿ ಹೀಟ್ ಸಿಂಕನ್ನು ಮಾತ್ರ ತಣ್ಣಗೆ ಮಾಡುತ್ತದೆ. ಮಳೆಹನಿ ತಡೆಯುತ್ತದೆ ಅನ್ನುವ ಐಪಿ23 ಗುರುತು ಇರಲಿ. ಕಟಿಂಗ್ ಮಷೀನ್ ಪಕ್ಕ ಇಡಬೇಡಿ, ಕಬ್ಬಿಣದ ಪುಡಿ ಕರೆಂಟ್ ಹಾಯಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದರೆ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಜೂನ್ ಬಂದ ಮೇಲೆ ರಾತ್ರಿ ವೈರ್ ಸ್ಪೂಲನ್ನು ಫೀಡರಿನಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಂದು ಬಲ್ಬ್ ಉರಿಯುವ ಕಪಾಟಿನಲ್ಲಿಡಿ. ತಾಮ್ರದ ಲೇಪ ಇದ್ದರೂ ಸೋನೆ ಮಳೆಯ ತೇವಕ್ಕೆ ವೈರು ಮಂಕಾಗುತ್ತದೆ. ಆ ಮಂಕು ಲೈನರಿನೊಳಗೆ ಉದುರಿ ಫೀಡಿಂಗ್ ಕೆಡಿಸುತ್ತದೆ.

ಬ್ರ್ಯಾಂಡ್ ಯಾವುದು ಅಂತ ನೀವು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತೀರಿ. ಈಸಾಬ್, ಅಡೋರ್, ಲಿಂಕನ್, ಫ್ರೋನಿಯಸ್, ಕೆಂಪಿ ಎಲ್ಲರ ಹತ್ತಿರವೂ ಪಲ್ಸ್ ಮಷೀನ್ ಇದೆ. ಚೀನಾದಲ್ಲಿ ತಯಾರಾದವೂ ಈಗ ಸಾಕಷ್ಟು ಬಂದಿವೆ, ಎಲ್ಲವೂ ಕೆಟ್ಟವಲ್ಲ. ನಾನು ಹೆಸರಿಗಿಂತ ಸರ್ವಿಸ್ ನೋಡುತ್ತೇನೆ. ಬೋರ್ಡ್ ಹೋದರೆ ಬೆಂಗಳೂರಿನಲ್ಲಿ ಸ್ಟಾಕ್ ಇದೆಯಾ? ಎಂಜಿನಿಯರ್ ಹಾಸನಕ್ಕೆ ಎಷ್ಟು ದಿನದಲ್ಲಿ ಬರುತ್ತಾನೆ? ರಿಪೇರಿ ತಡವಾದರೆ ಬದಲಿ ಮಷೀನ್ ಕೊಡುತ್ತಾರಾ? ಇದೇ ಮಾಡೆಲ್ ಈಗಾಗಲೇ ಈ ಜಿಲ್ಲೆಯಲ್ಲಿ ಯಾರ ಹತ್ತಿರ ಇದೆ? ಆ ಶೆಡ್ಡಿಗೆ ಹೋಗಿ ಮಾಲೀಕರನ್ನು ಬಿಟ್ಟು ವೆಲ್ಡರನ್ನು ಮಾತಾಡಿಸಿ.

ಡೆಮೋ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಡೆಮೋದಲ್ಲಿ ಅವರ ಹೊಳೆಯುವ ಪ್ಲೇಟು ಬೇಡ. ನಿಮ್ಮ 10 ಎಂಎಂ ತುಂಡು, ನಿಮ್ಮ ಗ್ಯಾಸ್, ನಿಮ್ಮ ವೆಲ್ಡರ್. ಪಲ್ಸ್ ಸರಿಯಾಗಿ ಕೂತಾಗ ಆರ್ಕ್ ಚಟಪಟ ಅನ್ನುವುದಿಲ್ಲ, ಜೇನುಗೂಡಿನ ಹತ್ತಿರ ಕೇಳುವ ಹಾಗೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ನಡುನಡುವೆ ಚಟ್ ಅಂದರೆ ಆರ್ಕ್ ಉದ್ದ ಕಮ್ಮಿಯಾಗಿದೆ, ಟ್ರಿಮ್ (ಆರ್ಕ್ ಉದ್ದದ ಹೊಂದಾಣಿಕೆ) ಸ್ವಲ್ಪ ಏರಿಸಲಿ.

ಬೀಡ್ ಚೆಂದ ಕಂಡ ಮಾತ್ರಕ್ಕೆ ಒಪ್ಪಬೇಡಿ. ಪಲ್ಸ್‌ನ ದೊಡ್ಡ ಅಪಾಯ ಅಲ್ಲೇ ಇದೆ: ಮೇಲೆ ನೋಡಲು ಸೊಗಸು, ಒಳಗೆ ಹಿಡಿದಿರುವುದಿಲ್ಲ. ಎರಡು 10 ಎಂಎಂ ತುಂಡನ್ನು ‘ಟಿ’ ಆಕಾರಕ್ಕೆ ನಿಲ್ಲಿಸಿ. ಒಂದೇ ಬದಿಗೆ, ಒಂದೇ ರನ್ ಬೆಸೆಯಿರಿ. ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ನಿಂತ ಪ್ಲೇಟನ್ನು ಬೆಸುಗೆ ಇರುವ ಬದಿಗೇ ಬಗ್ಗುವ ಹಾಗೆ ದೊಡ್ಡ ಸುತ್ತಿಗೆಯಿಂದ ಹೊಡೆಯಿರಿ. ಬೀಡ್ ಬೇರಿನಿಂದ ಬಿಚ್ಚಿಕೊಂಡು ಸೀಳುತ್ತದೆ. ಆ ಸೀಳಿನ ಮೂಲೆಯನ್ನು ಬ್ಯಾಟರಿ ಟಾರ್ಚಿನ ಬೆಳಕಿನಲ್ಲಿ ನೋಡಿ. ಮೂಲೆಯ ಉದ್ದಕ್ಕೂ ಬೂದು ಬಣ್ಣದ ಒರಟು ಮುರಿತ ಇದ್ದರೆ ಬೆಸುಗೆ ಒಳಗಿಳಿದಿದೆ. ಪ್ಲೇಟಿನ ಮೂಲ ಅಂಚು, ಅದರ ಮೇಲಿನ ನೀಲಿಗಪ್ಪು ಮಿಲ್ ಸ್ಕೇಲ್ ಪೊರೆ ಸಮೇತ, ಒಂದು ನೇರ ಗೆರೆಯಾಗಿ ಹಾಗೇ ಉಳಿದಿದ್ದರೆ ಅಲ್ಲಿ ಲೋಹ ಮುಟ್ಟಿಯೇ ಇಲ್ಲ. ಒಂದು ಗೆರೆ ಕಂಡರೆ ಕರೆಂಟ್ ಏರಿಸಿ, ಟಾರ್ಚ್ ಕೋನ ಸರಿ ಮಾಡಿ ಮತ್ತೊಮ್ಮೆ ಬೆಸೆಸಿ. ಆಗಲೂ ಬಂದರೆ ಆ ಮಷೀನ್ ನಿಮ್ಮ ಟಿಪ್ಪರಿಗೆ ಬೇಡ. ಮಣ್ಣು ತುಂಬಿದ ಬಾಡಿ ಘಾಟಿ ಇಳಿಯುವಾಗ ಈ ಗೆರೆಯ ಮೇಲೇ ಬಿರುಕು ಬಿಡುವುದು, ಹಿಂದೆ ಬರುವ ಬೈಕಿನವನ ಜೀವದ ಪ್ರಶ್ನೆ ಅದು.

ಇದೇ ಕಾರಣಕ್ಕೆ ಪಲ್ಸ್‌ಗೆ ಜಾಯಿಂಟ್ ಉಜ್ಜಲೇಬೇಕು. ಸಿಒ2 ಆರ್ಕ್ ತುಕ್ಕು, ಸ್ಕೇಲನ್ನು ಸ್ವಲ್ಪ ಮಟ್ಟಿಗೆ ಸುಟ್ಟುಕೊಂಡು ಹೋಗುತ್ತದೆ. 90-10 ಅಷ್ಟು ಕ್ಷಮಿಸುವುದಿಲ್ಲ. ನಿಮ್ಮ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿ. ಜೊತೆಗೆ ಕೇಬಲ್ ಸುತ್ತಿ ಇಡುವ ಅಭ್ಯಾಸ ಬಿಡಿಸಿ. ಟಾರ್ಚ್ ಕೇಬಲ್ಲೋ ಅರ್ಥ್ ಕೇಬಲ್ಲೋ ನೆಲದ ಮೇಲೆ ಸುರುಳಿ ಬಿದ್ದಿದ್ದರೆ ಪಲ್ಸ್ ಏರಿಳಿತ ಮೊಂಡಾಗುತ್ತದೆ, ಅದು ಕಾಯಿಲ್ ಆಗಿಬಿಡುತ್ತದೆ. ಅರ್ಥ್ ಕ್ಲ್ಯಾಂಪ್ ಜಾಬಿಗೇ, ಉಜ್ಜಿದ ಜಾಗಕ್ಕೇ ಹಾಕಬೇಕು. ದೂರದ ಟೇಬಲ್ ಕಾಲಿಗೆ ಸಿಕ್ಕಿಸಿದರೆ ಎಷ್ಟು ಒಳ್ಳೆಯ ಮಷೀನಾದರೂ ಕೆಟ್ಟದಾಗಿ ಓಡುತ್ತದೆ.

ಇನ್ನು ಕಣ್ಣು, ಚರ್ಮ, ಉಸಿರು. ಆರ್ಗಾನ್ ಮಿಕ್ಸ್‌ನಲ್ಲಿ ಹೊಗೆ ಕಮ್ಮಿ, ಆದರೆ ಬೆಳಕು ಸಿಒ2ಗಿಂತ ತೀಕ್ಷ್ಣ. ಬರೀ ಬನಿಯನ್‌ನಲ್ಲಿ ನಿಂತು ಬೆಸೆದರೆ ಸಂಜೆಗೆ ಕುತ್ತಿಗೆ ಕೆಂಪಾಗಿ ಉರಿಯುತ್ತದೆ. 11ರಿಂದ 13ನೇ ಶೇಡ್ ಗ್ಲಾಸ್, ದಪ್ಪ ಹತ್ತಿ ಬಟ್ಟೆ ಕೊಡಿಸಿ. ಎಸ್‌ಎಸ್ ಹೊಗೆಯಲ್ಲಿ ಕ್ರೋಮಿಯಂನ ವಿಷಕಾರಿ ರೂಪ ಇರುತ್ತದೆ. ತೊಟ್ಟಿಯೊಳಗೆ ತಲೆ ಹಾಕಿ ಬೆಸೆಯುವವನಿಗೆ ಹೊಗೆ ಹೊರಗೆಳೆಯುವ ಡಕ್ಟ್ ಬೇಕು, ಮಾಸ್ಕ್ ಬೇಕು. ತೊಟ್ಟಿಯೊಳಗೆ ಆರ್ಗಾನ್ ತುಂಬಿಕೊಂಡರೆ ಉಸಿರಾಡುವ ಗಾಳಿಯೇ ಇಲ್ಲದಂತಾಗುತ್ತದೆ, ವಾಸನೆಯೂ ಬರುವುದಿಲ್ಲ. ಒಬ್ಬನನ್ನೇ ಯಾವತ್ತೂ ಒಳಗೆ ಬಿಡಬೇಡಿ. ಮಷೀನಿನ ಬಜೆಟ್ಟಿನಲ್ಲೇ ಇದನ್ನೂ ಸೇರಿಸಿ.

ಕೊನೆಗೆ ಹಳೆಯ ಮಷೀನ್. ಎಕ್ಸ್‌ಚೇಂಜಿಗೆ ಕೊಡಬೇಡಿ. ಸಿಗುವ ದುಡ್ಡು ಬಿಡಿಗಾಸು. ತೋಟದಲ್ಲಿ ಗೇಟು ಕೂರಿಸಲು, ಶೆಡ್ ಟ್ರಸ್ ಏರಿಸಲು ಉದ್ದ ಕೇಬಲ್ ಎಳೆದುಕೊಂಡು ಹೋಗುವಾಗ ಅದೇ ಸರಿ. ತುಕ್ಕು ಹಿಡಿದ ಹಳೆಯ ಟ್ರೇಲರ್ ರಿಪೇರಿಗೂ ಅದೇ. ದಪ್ಪ ಪ್ಲೇಟಿನ ರೂಟ್ ರನ್ನನ್ನು (ಬುಡದ ಮೊದಲ ಸಾಲನ್ನು) ಹುಡುಗರು ಅದರಲ್ಲೇ ಕಲಿತಿದ್ದಾರೆ, ಅವರಿಗೆ ಆ ಕೈ ಇದೆ. ಎಂಎಸ್ ಟ್ಯಾಕಿಂಗ್ ಎಲ್ಲ ಅದರಲ್ಲೇ ಹಾಕಿಸಿದರೆ ಮಿಕ್ಸ್ ಗ್ಯಾಸ್ ಉಳಿಯುತ್ತದೆ. ಅದರ ರೆಕ್ಟಿಫೈಯರ್, ಫ್ಯಾನ್ ಒಮ್ಮೆ ಬಿಚ್ಚಿ ಊದಿಸಿ, ಗ್ಯಾಸ್ ಹೀಟರ್ ಸರಿ ಇದೆಯಾ ನೋಡಿ, ಹೊಸ ಮಷೀನಿನ ಎದುರು ಗೋಡೆಗೆ ಇಡಿ. ಹೊಸದಕ್ಕೆ ಬೋರ್ಡ್ ಬರಲು ಒಂದು ವಾರ ತಡವಾದರೂ ಟ್ರೇಲರ್ ಕೆಲಸ ನಿಲ್ಲುವುದಿಲ್ಲ.